ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ

ಪಕ್ಕದ ಕೋಣೆಯಲ್ಲಿ ಸಣ್ಣಗೆ ಕೊಳಲು ಕೇಳಿ ತಟ್ಟನೆ ನಿಂತಿತು. ಮನೆ ಮಲಗಿ ಬಹಳ ಹೊತ್ತಾಗಿತ್ತು. ಅದು ನನ್ನ ಅತ್ತೆ ಚೌಡಕ್ಕ ನೋಡುವ ಧಾರಾವಾಹಿಯ ಶುರುವಿನ ಸಂಗೀತ. ಆ ಧಾರಾವಾಹಿ ನಮ್ಮ ಮನೆಯಲ್ಲಿ ಬರದೆ ವಾರದ ಮೇಲಾಗಿತ್ತು.

ಕಣ್ಣಿನ ಪೊರೆ ತೆಗೆಸಲು ಅತ್ತೆ ಜಗಳೂರಿನ ದೊಡ್ಡ ಮಗನ ಮನೆಯಿಂದ ಚನ್ನಗಿರಿಗೆ, ನಮ್ಮಲ್ಲಿಗೆ ಬಂದಿದ್ದರು. ಕಣ್ಣು ವಾಸಿಯಾದರೂ ನನ್ನ ಗಂಡ ಕೆಂಚೇಶ್ ಕಳಿಸಲು ಒಪ್ಪಲಿಲ್ಲ. ಅಷ್ಟರಲ್ಲಿ ಅತ್ತೆಯ ಫೋನಿನಲ್ಲಿ 'ಈ ಕಾರ್ಯಕ್ರಮ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ' ಎಂದು ಬರತೊಡಗಿತು. ಆ್ಯಪ್ ತೆಗೆದು ಮತ್ತೆ ಹಾಕಿದೆ. ವೈಫೈ ಆರಿಸಿ ಹಚ್ಚಿದೆ. ಕಸ್ಟಮರ್ ಕೇರಿನ ಹುಡುಗಿ, "ವಿಪಿಎನ್ ಇದ್ದರೆ ಆಫ್ ಮಾಡಿ ಮೇಡಂ. ಅದು ಆನ್ ಇದ್ರೆ ನೀವು ಬೇರೆ ದೇಶದಲ್ಲಿದ್ದೀರಿ ಅಂತ ತೋರಿಸುತ್ತೆ" ಎಂದಳು. "ವಯಸ್ಸಾದವರ ಫೋನು, ಅಂಥದ್ದೆಲ್ಲ ಇರಲ್ಲ" ಎಂದು ನಾನು ಹುಡುಕದೆಯೇ ಹೇಳಿಬಿಟ್ಟೆ.

ಅತ್ತೆಯ ವಾದವೇ ಬೇರೆ. "ಫೋನಿಗೆ ಹೆಸರು ಬರ್ಸಿರೋದು ಜಗಳೂರಾಗೆ. ಇಲ್ಲಿ ಹೆಂಗೆ ಬರ್ತೈತೆ? ನಾನೇ ಹೋಗ್ತೀನಿ ಬಿಡಪ್ಪ." ಕೆಂಚೇಶ್ ನಕ್ಕು, ಆಮೇಲೆ ನನ್ನ ಮುಖ ನೋಡಿದ್ದರು. ಅಮ್ಮನಿಗೆ ಏನಾದರೂ ಅಂದೆಯಾ ಎನ್ನುವ ನೋಟ ಅದು.

ಈಗ ಎದ್ದು ಹೋಗಿ ಪಕ್ಕದ ಕೋಣೆಯ ಬಾಗಿಲು ಸರಿಸಿದೆ. ಅತ್ತೆಯ ಕೈಯಲ್ಲಿ ಧಾರಾವಾಹಿ ಓಡುತ್ತಿತ್ತು, ದನಿ ಇಲ್ಲದೆ.

"ಕಳ್ಳಿ ಹಂಗೆ ಯಾಕೆ ನಿಂತೀಯೆ, ಬಾ."

"ಕಳ್ಳಿ ನಾನಾ ಅತ್ತೆ? ಈಗ ಹೆಂಗೆ ಬಂತು?"

"ಮ್ಯಾಲೆ ಕೀಲಿ ಗುರುತು ಇರ್ತಿತ್ತಲ್ಲ, ತೆಗದೆ. ಜಗಳೂರಾಗೆ ಮೊಮ್ಮಗಳು ಚೈತ್ರಾ ಯಾವ್ದೋ ಪರದೇಶದ ಸೀರಿಯಲ್ ನೋಡಾಕೆ ಹಾಕಿದ್ಲು. ಅದಿದ್ರೆ ನಂದು ಬರಲ್ಲ. ಹಗಲು ನಾನೇ ಹಚ್ಚಿಡ್ತಿದ್ದೆ." ಕಸ್ಟಮರ್ ಕೇರಿನ ಹುಡುಗಿ ಹೇಳಿದ್ದ ವಿಪಿಎನ್ ಅದೇ.

"ಗೊತ್ತಿದ್ದೂ ನನ್ನ ಕುಣಿಸಿದ್ರಲ್ಲ!"

"ಇನ್ನೇನ್ ಮಾಡ್ಲಿ? ಸುಮ್ಕೆ ಹೊಂಟ್ರೆ ಸೊಸೆ ಓಡಿಸಿದ್ಲು ಅಂತಾರೆ. ನಿನ್ ಗಂಡಾನೂ ಅಂತಾನೆ. ಸೀರಿಯಲ್ ಬರಲ್ಲ ಅಂದ್ರೆ ಯಾರ್ ಮ್ಯಾಲೂ ಮಾತಿಲ್ಲ."

"ಇಲ್ಲಿ ಏನು ಕಮ್ಮಿ ಆಗೈತೆ?"

"ಏನೂ ಇಲ್ಲವ್ವ. ಕೆಮ್ಮಿದ್ರೆ ಬಿಸಿನೀರು, ಆಕಳಿಸಿದ್ರೆ ಮಾತ್ರೆ. ಹಗಲೆಲ್ಲ ನನ್ ಮುಖನೇ ಕಾಯ್ತೀಯ. ನಂಗೂ ಸಾಕಾಗೈತೆ, ನಿಂಗೂ ಸಾಕಾಗೈತೆ."

ಇಲ್ಲ ಎನ್ನಬೇಕಿತ್ತು. ಮಂಚದ ಅಂಚಿಗೆ ಕುಳಿತೆ. ಎಷ್ಟು ದಣಿದಿದ್ದೇನೆಂದು ಆಗ ತಿಳಿಯಿತು. ಅತ್ತೆ ಸರಿದು ಜಾಗ ಕೊಟ್ಟರು.

ಬೆಳಿಗ್ಗೆ ಕೆಂಚೇಶ್, "ಫೋನ್ ಕೊಡವ್ವ, ಮೊಬೈಲ್ ಅಂಗಡಿ ಕೊಟ್ರೇಶಂಗೆ ತೋರಿಸ್ತೀನಿ" ಎಂದು ಕೈ ಚಾಚಿದರು. ಕೊಟ್ರೇಶ ನೋಡಿದ ಕೂಡಲೇ ಕಂಡುಹಿಡಿಯುತ್ತಾನೆ. ಅತ್ತೆ ಫೋನನ್ನು ಸೆರಗಿನಡಿ ಹಿಡಿದು ಕುಳಿತಿದ್ದರು.

"ಬ್ಯಾಡ ಬಿಡ್ರಿ," ಎಂದೆ ನಾನು. "ಎಲ್ಲಾ ಮಾಡಿ ನೋಡೀನಿ, ಇಲ್ಲಿ ಬರಲ್ಲ. ದಾವಣಗೆರೆ ತನಕ ಹೋಗಿ ಜಗಳೂರು ಬಸ್ಸಿಗೆ ಹತ್ತಿಸಿ ಬರ್ರಿ."

"ಒಂದು ಸೀರಿಯಲ್ಲಿಗೆ ಮಗನ್ನೇ ಬಿಟ್ಟು ಹೋಗ್ತೀಯಾ!" ಎಂದು ಅವರು ತಾಯಿಯನ್ನು ಗದರಿಸಿದರು. ನನ್ನ ಕಡೆ ನೋಡಲಿಲ್ಲ.

ಸಂಜೆ ನ್ಯಾಮತಿಯಿಂದ ನನ್ನವ್ವ ಫೋನು ಮಾಡಿದಳು. "ಬೀಗ್ತಿ ಯಾಕೆ ಹೋದ್ರೇ? ಏನಾದ್ರೂ ಮಾತಾತಾ?"

"ಇಲ್ಲಿ ಅವ್ರ ಸೀರಿಯಲ್ ಬರಲ್ಲವ್ವ," ಎಂದೆ. ಇವಳಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಆಗಲೇ ನಿಶ್ಚಯಿಸಿದೆ.