ಹಡಗು ಹತ್ತಿದ ಬೀಡಿನ ಹಂಚು

ನಾನು ಒಂದು ಬೀಡಿನ ಹಂಚು. ರೊಟ್ಟಿ ಸುಡುವ, ದೋಸೆ ಹುಯ್ಯುವ ದಪ್ಪನೆಯ ದುಂಡು ಹಂಚು. ಬೆಳಗಾವಿಯ ಒಂದು ಎರಕದ ಕಾರ್ಖಾನೆಯಲ್ಲಿ ಹುಟ್ಟಿದೆ. ಕೆಂಪಗೆ ಕರಗಿದ ಬೀಡುಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿದರು. ಆರಿದ ಮೇಲೆ ಅಚ್ಚು ಒಡೆದು, ಮೈಗಂಟಿದ ಮರಳು ಕೊಡವಿ, ಅಂಚು ಉಜ್ಜಿ ನಯ ಮಾಡಿದರು. ಹಿಡಿಯಲು ಎರಡು ಕಿವಿಗಳನ್ನೂ ಕೊಟ್ಟರು. ಅಲ್ಲಿಂದ ಲಾರಿಯಲ್ಲಿ ಗದಗಕ್ಕೆ ಬಂದು, ಪಾತ್ರೆ ಅಂಗಡಿಯೊಂದರ ಬಾಗಿಲಲ್ಲಿ ನನ್ನಂಥವರ ಸಾಲಿನಲ್ಲಿ ಒರಗಿ ಕೂತೆ.

ಒಂದು ದಿನ ಗೌರಕ್ಕ ಬಂದರು. ನನ್ನನ್ನು ಎತ್ತಿ, ಬೆರಳಿನಿಂದ ತಟ್ಟಿ, ಸದ್ದು ಕೇಳಿ, ಅಂಗಡಿಯವನತ್ತ ತಿರುಗಿದರು.

“ಇದರ ಮ್ಯಾಲೆ ಯಾರೂ ಏನೂ ಸುಟ್ಟಿಲ್ಲಲ್ಲಾ?”

“ಹೊಸಾದೈತ್ರೀ ಅಕ್ಕಾರ. ಅಂಗಡ್ಯಾಗ ಯಾರು ರೊಟ್ಟಿ ಸುಡ್ತಾರ್ರೀ?”

ಅವನು ನಕ್ಕ. ಗೌರಕ್ಕ ನಗಲಿಲ್ಲ. ಆ ಪ್ರಶ್ನೆಯ ಹಿಂದೆ ಏನಿತ್ತೆಂದು ಮನೆಗೆ ಹೋದ ಮೇಲೆ ನನಗೆ ತಿಳಿಯಿತು.

ಗೌರಕ್ಕನ ಮನೆಯಲ್ಲಿ ಇದ್ದವರು ಇಬ್ಬರೇ, ಅವರು ಮತ್ತು ಅವರ ನಾದಿನಿ ಪ್ರಮೀಳಾ ಟೀಚರ್. ಗೌರಕ್ಕನ ಗಂಡ ತೀರಿಕೊಂಡ ಮೇಲೂ ಇಬ್ಬರೂ ಒಂದೇ ಒಲೆ ಹಂಚಿಕೊಂಡು ಉಳಿದಿದ್ದರು. ಟೀಚರ್ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದರು. ಅವರಿಗೆ ವರ್ಷಗಟ್ಟಲೆ ಹೊಟ್ಟೆನೋವು, ವಾಂತಿ. ಮೈಯಲ್ಲಿ ರಕ್ತವೇ ಕಡಿಮೆ. ಕೊನೆಗೆ ಹುಬ್ಬಳ್ಳಿಯ ವೈದ್ಯರೊಬ್ಬರು ಕಂಡುಹಿಡಿದರು: ಸೀಲಿಯಾಕ್ ಎಂಬ ಕಾಯಿಲೆ. ಗೋಧಿ ಅವರ ಕರುಳಿಗೆ ಆಗದು. ಚಪಾತಿ, ಬ್ರೆಡ್ಡು, ರವೆ, ಮೈದಾ, ಯಾವುದೂ ಕೂಡದು. ಇದಕ್ಕೆ ಔಷಧವಿಲ್ಲ, ಪಥ್ಯವೇ ಔಷಧ.

ಗೌರಕ್ಕ ಅಂದಿನಿಂದ ನಾದಿನಿಗೆ ಜೋಳದ ರೊಟ್ಟಿಯನ್ನೇ ಮಾಡಿದರು. ಆದರೂ ಟೀಚರ್ ಆಸ್ಪತ್ರೆ ಸೇರಿದರು. ಚಪಾತಿ ಬೇಯಿಸಿದ ಹಂಚಿನ ಮೇಲೇ ರೊಟ್ಟಿ ಸುಟ್ಟಿದ್ದರು. ಅದಕ್ಕೆ ಅಂಟಿದ್ದ ಚೂರು ಗೋಧಿಹಿಟ್ಟೇ ಸಾಕಾಗಿತ್ತು. ಆಸ್ಪತ್ರೆಯಿಂದ ಬಂದವರೇ ಗೌರಕ್ಕ ನನ್ನನ್ನು ಕೊಂಡರು. ಎಣ್ಣೆ ಸವರಿ, ಉಳ್ಳಾಗಡ್ಡಿ ತಿಕ್ಕಿ ನನ್ನನ್ನು ಪಳಗಿಸಿದರು. ನನಗೇ ಬೇರೆ ಮೊಳೆ, ಬೇರೆ ಅರಿವೆ, ಬೇರೆ ಸೌಟು. ಸಾವಿರ ಹಂಚುಗಳ ನಡುವೆ ನನ್ನನ್ನು ಒಂದೇ ಒಂದು ಹೊಟ್ಟೆಗಾಗಿ ಕಾಯ್ದಿಟ್ಟರು. ಆ ಭಾಗ್ಯ ಎಲ್ಲ ಹಂಚಿಗೂ ಸಿಗುವುದಿಲ್ಲ.

ಮನೆಯಲ್ಲಿ ಟೀಚರ್ ಚೇತರಿಸಿಕೊಂಡರು. ಆದರೆ ಹೊರಗೆ ಉಣ್ಣುವುದನ್ನೇ ಬಿಟ್ಟರು. ಮದುವೆಗೆ ಹೋದರೆ ಅಕ್ಷತೆ ಹಾಕಿ ಉಣ್ಣದೆ ಬರುವರು. ಮಕ್ಕಳಿಗೆ ಸಾಗರಗಳ ಪಾಠ ಮಾಡುತ್ತಲೇ ನಿವೃತ್ತಿಯಾದರು. ದಡ ಕಾಣದ ಸಮುದ್ರವನ್ನು ಮಾತ್ರ ಒಮ್ಮೆಯೂ ನೋಡಿರಲಿಲ್ಲ.

“ಮುಂಬೈದಿಂದ ಲಕ್ಷದ್ವೀಪಕ್ಕ ದೊಡ್ಡ ಹಡಗ ಹೋಗ್ತೈತಂತ. ಹೋಗೂಣು ನಡಿ,” ಅಂದರು ಒಂದು ದಿನ ಗೌರಕ್ಕ.

“ವೈನಿ, ನಡು ನೀರಾಗ ನಾ ಏನ್ ತಿನ್ಲಿ? ಆರಾಮ ತಪ್ಪಿದ್ರ ಯಾವ ದವಾಖಾನಿಗೆ ಓಡಿಸ್ತೀರಿ?” ಎಂದರು ಟೀಚರ್ ಅತ್ತಿಗೆಗೆ.

“ಅದನ್ನ ನನಗ ಬಿಡು. ನೀ ಸಮುದ್ರ ನೋಡು.”

ಗೌರಕ್ಕ ಹಡಗಿನ ಕಂಪನಿಗೆ ಮತ್ತೆ ಮತ್ತೆ ಫೋನು ಮಾಡಿದರು. ಗೋಧಿ ಇಲ್ಲದ ಊಟ ಕೊಡುತ್ತೇವೆ, ಚಿಂತೆ ಬೇಡ ಎಂದರು ಅವರು. ಆದರೂ ಗೌರಕ್ಕ ನನ್ನನ್ನು ಇಳಕಲ್ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕೆ ಇಟ್ಟರು.

ಮುಂಬೈ ಬಂದರಿನ ತಪಾಸಣೆಯಲ್ಲಿ ಸೀರೆಯೊಳಗಿಂದ ನಾನು ಹೊರಬಂದೆ. ಕೋಣೆಯಲ್ಲಿ ಅಡುಗೆ ಮಾಡುವಂತಿಲ್ಲ, ಬೆಂಕಿಯ ಅಪಾಯ ಎಂದರು. ಗೌರಕ್ಕ ಎಷ್ಟು ಹೇಳಿದರೂ ಕೇಳಲಿಲ್ಲ. ನನ್ನ ಕಿವಿಗೆ ಒಂದು ಚೀಟಿ ಕಟ್ಟಿ, ಇಳಿಯುವಾಗ ಕೊಡುತ್ತೇವೆಂದು ಹಡಗಿನ ಉಗ್ರಾಣಕ್ಕೆ ಒಯ್ದರು. ಕತ್ತಲಲ್ಲಿ ಬಿದ್ದುಕೊಂಡು ಹಡಗಿನ ಯಂತ್ರ ಗುಂಯ್‌ಗುಡುವುದನ್ನು ಕೇಳಿದೆ. ಟೀಚರ್ ಏನು ಉಂಡರೋ ಎಂಬುದೊಂದೇ ನನ್ನ ಯೋಚನೆ.

ಆಮೇಲೆ ನಡೆದದ್ದನ್ನು ಅವರ ಮಾತಿನಿಂದ ತಿಳಿದೆ. ಮೊದಲ ದಿನ ಟೀಚರ್ ಅನ್ನ, ಮೊಸರು, ಹಣ್ಣು ತಿಂದು ಕಳೆದರು. ಮರುದಿನ ನಾಷ್ಟಾದ ಸಾಲಿನಲ್ಲಿ ಬಿಸಿ ದೋಸೆ ಇತ್ತು. ಇದರಲ್ಲಿ ಗೋಧಿ ಇದೆಯೇ ಎಂದು ಟೀಚರ್ ಕೇಳಿದರು, ಗೌರಕ್ಕನೂ ಕೇಳಿದರು. ಬಡಿಸುವವನು ನಗುನಗುತ್ತ, “ಅಕ್ಕಿ, ಉದ್ದು, ಅಷ್ಟೇ ಮೇಡಂ,” ಅಂದ. ಎಷ್ಟೋ ವರ್ಷಗಳ ಮೇಲೆ ನಾಲ್ಕು ಜನರ ನಡುವೆ ಕೂತು ಟೀಚರ್ ಒಂದು ದೋಸೆ ತಿಂದರು. ಗರಿಗರಿಯಾಗಲೆಂದು ಆ ಹಿಟ್ಟಿಗೆ ರವೆ ಬೆರೆಸಿದ್ದು ಬಡಿಸುವವನಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹಡಗು ದಡ ಕಾಣದ ನೀರಿಗೆ ಬಂದಿತ್ತು. ಎಲ್ಲರೂ ಅದನ್ನು ನೋಡಲು ಮೇಲಿನ ಡೆಕ್ಕಿಗೆ ಓಡಿದರು. ಟೀಚರ್ ಮಾತ್ರ ಕೆಳಗೆ ವೈದ್ಯರ ಕೋಣೆಯಲ್ಲಿ ಸಲೈನ್ ಹಾಕಿಸಿಕೊಂಡು, ಮೊಣಕಾಲನ್ನು ಹೊಟ್ಟೆಗೆ ಅವುಚಿ ಮಲಗಿದ್ದರು.

“ನನ್ನಿಂದ ನಿಮಗೂ ತ್ರಾಸು ವೈನಿ. ನಾ ಬರಬಾರದಿತ್ತು,” ಅಂದರಂತೆ.

ಗೌರಕ್ಕ ಅವರ ಹಣೆ ನೇವರಿಸಿ ಎದ್ದು, ನೇರವಾಗಿ ಅಡುಗೆಮನೆಯ ಬಾಗಿಲಿಗೆ ಹೋದರು. ಮುಖ್ಯ ಅಡುಗೆಯವರು ಸಂತಾನ್ ಎಂಬ ಕಾರವಾರದವರು. ಕನ್ನಡ ಕೇಳಿ ಹೊರಗೆ ಬಂದರು. ಗೌರಕ್ಕ ಹೇಳಿದ್ದನ್ನೆಲ್ಲ ಕೇಳಿ ಒಳಗೆ ಹೋಗಿ ವಿಚಾರಿಸಿದರು. ಮರಳಿ ಬಂದಾಗ ತಲೆಯ ಟೋಪಿ ಅವರ ಕೈಯಲ್ಲಿತ್ತು.

“ರವೆ ಹಾಕಿದ್ದಾರಮ್ಮ. ತಪ್ಪು ನಮ್ಮದು. ನಾನೇ ಬಂದು ಅವರ ಕ್ಷಮೆ ಕೇಳ್ತೇನೆ.”

“ಕ್ಷಮಾ ಆಮ್ಯಾಲೆ ಕೇಳ್ರಿ. ನಾಳೆ ಆಕಿ ಏನ್ ಉಣಬೇಕು, ಅದನ್ನ ಹೇಳ್ರಿ.”

“ಇಲ್ಲಿ ಗಾಳಿಯಲ್ಲೂ ಮೈದಾ ಹಾರ್ತದೆ. ಹಣ್ಣು ಹೆಚ್ಚುವ ಕೋಣೆ ಒಂದು ಬೇರೆ ಉಂಟು, ಕರೆಂಟಿನ ಒಲೆಯೂ ಉಂಟು. ಆದರೆ ಗೋಧಿ ಮುಟ್ಟದ ಕಾವಲಿ ಎಲ್ಲಿಂದ ತರಲಿ?”

“ನಿಮ್ಮ ಉಗ್ರಾಣದಾಗ ಐತಿ,” ಅಂದರು ಗೌರಕ್ಕ. “ನಾ ಗದಗದಿಂದ ಹೊತ್ತುಕೊಂಡು ಬಂದೀನಿ!”

ಹೀಗೆ ನನಗೆ ಬಿಡುಗಡೆಯಾಯಿತು. ಕಪ್ತಾನರ ಒಪ್ಪಿಗೆಯನ್ನು ಸಂತಾನ್ ತಾವೇ ಪಡೆದು ಬಂದರು. ಹಣ್ಣಿನ ಕೋಣೆಯನ್ನು ತೊಳೆಸಿದರು, ಅಕ್ಕಿಯ ಹೊಸ ಚೀಲ ಒಡೆಸಿದರು, ಸೀಲು ತೆಗೆಯದ ಮಿಕ್ಸರ್ ತರಿಸಿದರು. ಅಕ್ಕಿ ನೆನೆಸಿ ರುಬ್ಬಿ, ಹಾಲಿನಷ್ಟು ತೆಳ್ಳಗೆ ಮಾಡಿದರು.

ಮರುದಿನ ಬೆಳಿಗ್ಗೆ ಟೀಚರ್ ಒಪ್ಪಲಿಲ್ಲ. ಹಣ್ಣು ತಿಂದೇ ಮುಂಬೈ ಮುಟ್ಟುತ್ತೇನೆ ಎಂದು ಹಟ ಹಿಡಿದರು. ಸಂತಾನ್ ಟೀಚರಿಗೆ ಅಡುಗೆಮನೆಯ ಒಂದು ಬಿಳಿ ಕೋಟು, ಟೋಪಿ ಕಳಿಸಿಕೊಟ್ಟರು. “ತಿನ್ನುವುದು ಬೇಡ. ಬಂದು ನೋಡಿ ಸಾಕು,” ಎಂದು ಹೇಳಿ ಕಳಿಸಿದರು.

ಟೀಚರ್ ಬಾಗಿಲಲ್ಲಿ ಬಂದು ನಿಂತರು. ಒಂದೇ ದಿನದಲ್ಲಿ ಮುಖ ಬಾಡಿಹೋಗಿತ್ತು. ಒಲೆಯ ಮೇಲೆ ನನ್ನನ್ನು ಕಂಡು, “ಇದು ನಮ್ಮ ಹಂಚು!” ಅಂದರು. ಊರಿನವರು ಯಾರೋ ಪರವೂರಲ್ಲಿ ಸಿಕ್ಕಂತಿತ್ತು ಆ ದನಿ.

ಸಂತಾನ್ ಹಿಟ್ಟು ಹುಯ್ದರು. ಜೋಳದ ರೊಟ್ಟಿಯ ಭಾರವನ್ನಷ್ಟೇ ಬಲ್ಲ ನಾನು ನೀರ್ದೋಸೆಯನ್ನು ಅಂದು ಮೊದಲ ಸಲ ಹೊತ್ತೆ. ಹಿಟ್ಟು ಸರ್ರೆಂದು ಹರಡಿ, ಬಲೆಯಂತೆ ತೂತುತೂತಾಗಿ ಬೆಂದಿತು. ಎಲ್ಲಿ ಅಂಟಿಕೊಂಡೇನೋ ಎಂದು ನನಗೆ ಭಯ. ಅದು ಹಗುರಾಗಿ ಎದ್ದು ಬಂತು. ಸಂತಾನ್ ಅದನ್ನು ನಾಲ್ಕು ಮಡಿಕೆ ಮಾಡಿ, ತೆಂಗಿನಕಾಯಿ ಬೆಲ್ಲ ಹಾಕಿ ಕೊಟ್ಟರು.

ಟೀಚರ್ ಒಂದು ಚೂರು ಬಾಯಿಗಿಟ್ಟರು. ಕಣ್ಣು ಮುಚ್ಚಿ ನುಂಗಿದರು. ಗೌರಕ್ಕ ಉಸಿರು ಹಿಡಿದು ನೋಡುತ್ತಿದ್ದರು.

“ಇನ್ನೊಂದು ಹಾಕ್ರಿ,” ಅಂದರು ಟೀಚರ್.

ಗೌರಕ್ಕ ಗೋಡೆಯ ಕಡೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡರು.

ಆಮೇಲಿನ ದಿನಗಳಲ್ಲಿ ನನಗೆ ಬಿಡುವೇ ಇರಲಿಲ್ಲ. ಕೊನೆಯ ಬೆಳಿಗ್ಗೆ ಸಂತಾನ್ ನನ್ನನ್ನು ಒಲೆಯ ಸಮೇತ ಮೇಲಿನ ಡೆಕ್ಕಿಗೇ ಒಯ್ದರು. ಸುತ್ತ ನೀರು, ಮೇಲೆ ಬಾನು, ನಡುವೆ ಒಂದು ಗೆರೆ. ಟೀಚರ್ ತಟ್ಟೆ ಹಿಡಿದು ಕಂಬಿಯ ಪಕ್ಕ ಕೂತು ತಿನ್ನುತ್ತಲೇ, ನೀರಿನ ಬಣ್ಣ ಎಲ್ಲಿ ಏಕೆ ಬದಲಾಗುತ್ತದೆ ಎಂದು ಪಕ್ಕದವರಿಗೆ ವಿವರಿಸತೊಡಗಿದರು. ಜನ ಕುರ್ಚಿ ಎಳೆದುಕೊಂಡು ಬಂದರು. ಪಾಠ ಮುಗಿದರೂ ಯಾರೂ ಏಳಲಿಲ್ಲ.

ಊರಿಗೆ ಬಂದ ಮೇಲೆ ಟೀಚರ್ ಬದಲಾದರು. ಮದುವೆಗಳಿಗೆ ನನ್ನನ್ನು ಚೀಲದಲ್ಲಿ ಹಾಕಿಕೊಂಡೇ ಹೊರಡುವರು, ಅಡುಗೆಯವರಿಗೆ ಸಂಕೋಚವಿಲ್ಲದೆ ಹೇಳಿ ನನ್ನ ಮೇಲೇ ಮಾಡಿಸಿಕೊಂಡು ಪಂಕ್ತಿಯಲ್ಲಿ ಕೂತು ಉಣ್ಣುವರು. ಹಾವೇರಿ, ಬಿಜಾಪುರ, ಗೋವಾ, ಎಲ್ಲ ಕಡೆ ನಾನು ತಿರುಗಿದೆ.

ಕಡೆಗೆ ವಯಸ್ಸಾದ ಅವರ ಕೈಗೆ ನನ್ನ ಭಾರ ಹೆಚ್ಚಾಗಿ, ಹಗುರವಾದ ಇನ್ನೊಂದು ಹಂಚು ಮನೆಗೆ ಬಂತು. ಅದೇ ಹೊತ್ತಿಗೆ ಅವರ ಹಳೆಯ ವಿದ್ಯಾರ್ಥಿನಿ ರೇಣುಕಾ ಅಳುತ್ತ ಮನೆಗೆ ಬಂದಳು. ಅವಳ ಪುಟ್ಟ ಮಗಳು ಇಂಚರಾಗೂ ಅದೇ ಕಾಯಿಲೆ. “ಇಕಿ ಜೀವನದಾಗ ಏನ್ ತಿನ್ನಬೇಕ್ರೀ ಟೀಚರ್?” ಎಂದು ಕೇಳಿದಳು. ಟೀಚರ್ ಮೊಳೆಯಿಂದ ನನ್ನನ್ನು ಇಳಿಸಿ ಅವಳ ಮಡಿಲಲ್ಲಿಟ್ಟರು. “ಮೊದಲು ಇದನ್ನ ತಗೋ. ಆಮ್ಯಾಲೆ ಕೂತು ಎಲ್ಲಾ ಹೇಳ್ತೀನಿ,” ಅಂದರು.

ಆ ಮನೆಯಲ್ಲೂ ನಾನು ಬಹಳ ವರ್ಷ ದುಡಿದೆ. ಇಂಚರಾ ನನ್ನ ಮೇಲಿನ ರೊಟ್ಟಿ ತಿಂದೇ ಎತ್ತರವಾದಳು. ಈಗ ನನ್ನದೊಂದು ಕಿವಿ ಮುರಿದಿದೆ, ಅಂಚಿನಲ್ಲಿ ಸೀಳು ಬಿಟ್ಟಿದೆ. ಅವಳಿಗೆ ಹಗುರವಾದ ಹೊಸ ಹಂಚು ಬಂದಿದೆ, ಅದೂ ಅವಳೊಬ್ಬಳದೇ. ನಾನು ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಒರಗಿದ್ದೇನೆ.

ಮೊನ್ನೆ ಗುಜರಿಯವನು ಬಂದಾಗ ರೇಣುಕಾ ನನ್ನನ್ನು ಎತ್ತಿಕೊಂಡು ಬಾಗಿಲ ತನಕ ಹೋದಳು. ಇಂಚರಾ ಓಡಿ ಬಂದು ಕೈ ಹಿಡಿದಳು.

“ಅವ್ವಾ, ಅದನ್ನ ಕೊಡಬ್ಯಾಡ. ಅದು ಸಮುದ್ರ ನೋಡೈತಿ.”

ನಾನು ಸಮುದ್ರ ನೋಡಿದ್ದು ಕಡಿಮೆ. ಅದರ ಮುಂದೆ ಕೂತು ಹೊಟ್ಟೆ ತುಂಬ ಉಂಡ ಟೀಚರ ಮುಖವನ್ನೇ ನೋಡುತ್ತಿದ್ದೆ. ಒಂದು ಹಂಚಿಗೆ ಇದಕ್ಕಿಂತ ಏನು ಬೇಕು?