ಮೊದಲನೇ ಗೆರೆ

ದಾಕ್ಷಾಯಣಮ್ಮನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಕಾಲೇಜಿನವರೆಲ್ಲ ಆಡಿಕೊಳ್ಳುತ್ತಿದ್ದರು. ಅದು ಸುಳ್ಳೇನಲ್ಲ. ಆದರೆ ಆ ಸಿಟ್ಟು ಯಾಕೆ ಬರುತ್ತದೆ ಎಂದು ಒಬ್ಬರೂ ಕೇಳಿದವರಲ್ಲ. ಕುರುಗೋಡಿನಿಂದ ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡೇ ಬಳ್ಳಾರಿಗೆ ಬಂದು, ಬಿಎಸ್ಸಿ ಹುಡುಗರಿಗೆ ಗಂಟಲು ಹರಿಯುವಂತೆ ಗಣಿತ ಹೇಳಿ, ಕೊನೆಗೆ ‘ತಿಳೀತೇನು?’ ಎಂದರೆ ಇಡೀ ಕ್ಲಾಸು ಒಂದೇ ದನಿಯಲ್ಲಿ ‘ತಿಳೀತ್ರಿ ಮೇಡಂ’ ಅನ್ನುತ್ತಿತ್ತು. ಏನು ತಿಳಿಯಿತು ಎಂದು ಕೇಳಿದರೆ ಎಲ್ಲರ ಬಾಯಿಗೂ ಬೀಗ. ಇದಕ್ಕೆ ಸಿಟ್ಟು ಬಾರದೆ ಮತ್ತೇನು ಬರಬೇಕು?

ಎಂಬತ್ತರ ದಶಕದ ನಡುವಿನ ಮಾತು. ಆ ವರ್ಷ ವಿಶ್ವವಿದ್ಯಾಲಯದವರು ಸಾಮಾನ್ಯ ಗಣಿತದ ಪೇಪರಿಗೆ ಒಂದು ಹೊಸ ಭಾಗ ಸೇರಿಸಿದ್ದರು: ಯಂತ್ರಕ್ಕೆ ಬುದ್ಧಿ ಕಲಿಸುವ ಗಣಿತ. ಬೇಕಾದ ಕಾಲೇಜು ಅದನ್ನು ತೆಗೆದುಕೊಳ್ಳಬಹುದು, ಆದರೆ ಸಮಿತಿಯವರು ಒಂದು ದಿನ ಬಂದು ಪಾಠ ನೋಡಿ ಒಪ್ಪಿದರೆ ಮಾತ್ರ ಮುಂದಿನ ವರ್ಷಕ್ಕೂ ಉಂಟು. ದಾಕ್ಷಾಯಣಮ್ಮ ಪ್ರಿನ್ಸಿಪಾಲರ ಬೆನ್ನುಬಿದ್ದು ಅದನ್ನು ತಂದುಕೊಂಡಿದ್ದಳು. ಹನ್ನೆರಡು ವರ್ಷ ಅವೇ ಲೆಕ್ಕ, ಅವೇ ಉತ್ತರ ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ಹುಡುಗರು ತಮ್ಮ ತಲೆಯಿಂದ ಯೋಚಿಸುವ ಪಾಠ ಒಂದಾದರೂ ಕೈಯಲ್ಲಿರಲಿ ಎಂಬುದೇ ಅವಳ ಆಸೆ, ಆ ಪಾಠ ಹೋದರೆ ಅವಳಿಗೆ ಬೇರೆ ಯಾವುದೂ ಇರಲಿಲ್ಲ.

ಕಾಲೇಜಿನಲ್ಲಿ ಕಂಪ್ಯೂಟರ್ ಹಾಗಿರಲಿ, ನೆಟ್ಟಗಿನ ಡಸ್ಟರ್ ಕೂಡ ಇರಲಿಲ್ಲ. ಅದಕ್ಕೇ ಸಿರುಗುಪ್ಪದ ರೈಸ್ ಮಿಲ್ಲಿನಿಂದ ಎರಡು ಜಾತಿಯ ಭತ್ತ ತರಿಸಿದಳು, ಒಂದು ಸಣ್ಣ ಕಾಳು, ಒಂದು ದಪ್ಪ. ಒಂದೊಂದೇ ಕಾಳನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ, ಮೇಲೆ ಮಿಲಿಮೀಟರಿನಲ್ಲಿ ಉದ್ದ ಅಗಲ ಬರೆದು ತಗಡಿನ ಡಬ್ಬಿಗೆ ಹಾಕಿದಳು. ಬೋರ್ಡಿನ ಮೇಲೆ ಉದ್ದ ಅಡ್ಡಕ್ಕೆ, ಅಗಲ ಮೇಲಕ್ಕೆ. ಪ್ರತಿ ಕಾಳಿಗೆ ಒಂದು ಚುಕ್ಕೆ. ನಡುವೆ ಒಂದು ಗೆರೆ. ಗೆರೆಯ ಕೆಳಗೆ ಬಿದ್ದದ್ದು ಸಣ್ಣದು, ಮೇಲೆ ಬಿದ್ದದ್ದು ದಪ್ಪದು ಎನ್ನುವುದು ಯಂತ್ರದ ಊಹೆ. ಪೊಟ್ಟಣ ಬಿಚ್ಚಿ ನೋಡಿದಾಗ ಊಹೆ ಸರಿಯಿದ್ದರೆ ಗೆರೆ ಇದ್ದಲ್ಲೇ ಇರಬೇಕು, ತಪ್ಪಿದ್ದರೆ ತುಸು ಸರಿಯಬೇಕು. ಹೀಗೆ ತಪ್ಪಿ ತಪ್ಪಿ ಯಂತ್ರ ಕಲಿಯುತ್ತದೆ.

‘ಯಾರರ ಬಂದು ಮೊದಲನೇ ಗೆರಿ ಎಳೀರಿ’ ಎಂದಳು.

ಒಬ್ಬರೂ ಅಲುಗಲಿಲ್ಲ. ಬಹಳ ಹೊತ್ತಿನ ಮೇಲೆ ಬಾದನಹಟ್ಟಿಯ ಎರ್ರೆಪ್ಪ ಅರ್ಧ ಎದ್ದು, ‘ಸರಿ ಗೆರಿ ಯಾವುದ್ರಿ ಮೇಡಂ?’ ಎಂದ.

‘ಅದು ಗೊತ್ತಿದ್ರ ಕಲಿಸೋದೇನೈತಲೇ? ನಿನ್ನ ಮನಸಿಗೆ ಬಂದಂಗ ಎಳಿ.’

‘ತಪ್ಪಾದ್ರರಿ?’

‘ತಪ್ಪಾಗಬೇಕು. ತಪ್ಪಲಿಲ್ಲಂದ್ರ ಅದು ಕಲಿಯಂಗಿಲ್ಲ.’

ಎರ್ರೆಪ್ಪ ಕೂತುಬಿಟ್ಟ. ಅವನನ್ನು ಬೈದು ಏನು ಪ್ರಯೋಜನ? ಊರಿನ ಸಾಲಿಯಲ್ಲಿ ಮಗ್ಗಿ ಒಪ್ಪಿಸುವಾಗ ಒಂದು ತಪ್ಪಿದರೆ ಬೆರಳ ಗೆಣ್ಣಿನ ಮೇಲೆ ರೂಲು ಬೀಳುತ್ತಿತ್ತು. ಆವತ್ತಿನಿಂದ ಬರೀ ತುಟಿ ಆಡಿಸುತ್ತ, ಪಕ್ಕದವನ ದನಿ ಹೊರಟ ಮೇಲೆ ತನ್ನದನ್ನು ಅದರಲ್ಲಿ ಸೇರಿಸುವುದನ್ನು ಅವನು ಕಲಿತಿದ್ದ. ಎಲ್ಲರೂ ಕಲಿತಿದ್ದರು. ಕಾಲೇಜಿನವರೆಗೂ ಅದೇ ವಿದ್ಯೆಯಲ್ಲಿ ಪಾಸಾಗಿ ಬಂದವರು ಈಗ ಬಿಡುತ್ತಾರೆಯೇ? ಇದನ್ನು ನೆನೆದಾಗಲೆಲ್ಲ ದಾಕ್ಷಾಯಣಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು.

ಸಮಿತಿಯ ದಿನ ಬಂತು. ಇಬ್ಬರು ಹಿರಿಯರು ಕೊನೆಯ ಬೆಂಚಿನಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಗಣಿತ ವಿಭಾಗದ ಮುಖ್ಯಸ್ಥರಾದ ಚಿದಾನಂದಪ್ಪ ಬಾಗಿಲ ಬಳಿ ನಿಂತಿದ್ದರು. ಒಳ್ಳೆಯ ಮನುಷ್ಯ, ಯಾರೊಡನೆಯೂ ಗಟ್ಟಿಯಾಗಿ ಮಾತಾಡಿದವರಲ್ಲ. ಹುಡುಗರು ಇವತ್ತೂ ಕಲ್ಲಿನಂತೆ ಕೂತರೆ ಪಾಠ ಕೈಬಿಟ್ಟಂತೆಯೇ ಎಂದು ದಾಕ್ಷಾಯಣಮ್ಮನಿಗೆ ಗೊತ್ತಿತ್ತು. ಅಭ್ಯಾಸದಂತೆ ಡಬ್ಬಿಯನ್ನು ಚೆನ್ನಾಗಿ ಕುಲುಕಿ ಮೇಜಿನ ಮೇಲಿಟ್ಟು, ‘ಮೊದಲನೇ ಗೆರಿ ಯಾರು ಎಳೀತೀರಿ?’ ಎಂದಳು.

ಮುಂದಿನ ಬೆಂಚಿನ ಮೂಕಪ್ಪ ತಟ್ಟನೆ ಎದ್ದು ಬಂದು ಬೋರ್ಡಿನ ಮೇಲೆ ಗೆರೆ ಎಳೆದೇಬಿಟ್ಟ. ಅವಳಿಗೆ ಅವನನ್ನು ಅಲ್ಲೇ ಅಪ್ಪಿಕೊಳ್ಳುವಷ್ಟು ಖುಷಿಯಾಯಿತು. ಕಡೆಗೂ ಹುಡುಗರ ಬಾಯಿ ಬಿಚ್ಚಿತು ಎಂದುಕೊಂಡು, ಮೊದಲ ಪೊಟ್ಟಣದ ಅಳತೆ ಓದಿ ಚುಕ್ಕೆ ಇಟ್ಟಳು. ಹುಡುಗಿಯರ ಬೆಂಚಿನಿಂದ ಅಂಬಮ್ಮ ಎದ್ದು ‘ದಪ್ಪದ್ರಿ’ ಎಂದಳು, ಬಿಚ್ಚಿದರೆ ದಪ್ಪದ್ದೇ. ಎರಡನೆಯದನ್ನು ತೆಗೆದಳು.

‘ಉದ್ದ ಎಂಟು, ಅಗಲ ಎರಡು.’

ಚುಕ್ಕೆ ಗೆರೆಯ ಕೆಳಗೆ ಬಿತ್ತು. ಎರ್ರೆಪ್ಪ ಎದ್ದು ಕೈಕಟ್ಟಿ ಒಂದೇ ಉಸಿರಿಗೆ, ‘ಸಣ್ಣದ್ರಿ ಮೇಡಂ, ತಪ್ಪಾತ್ರಿ, ಗೆರಿ ಸರಸ್ತೀನ್ರಿ’ ಎಂದವನೇ ಬೋರ್ಡಿಗೆ ಬಂದು, ಇದ್ದ ಗೆರೆ ಒರೆಸಿ ಕೆಳಗೆ ಇನ್ನೊಂದು ಎಳೆದ.

ಪೊಟ್ಟಣವನ್ನು ಅವಳಿನ್ನೂ ಬಿಚ್ಚಿಯೇ ಇರಲಿಲ್ಲ. ಮರೆಯಲ್ಲಿ ಬಿಚ್ಚಿ ನೋಡಿದಳು. ಸಣ್ಣ ಕಾಳು. ಹುಡುಗ ಹೇಳಿದ್ದು ಸರಿಯಿತ್ತು, ಗೆರೆಯೂ ಸರಿಯಿತ್ತು. ಸರಿಯಿದ್ದ ಗೆರೆಯನ್ನು ಅವನು ಹಾಳುಮಾಡಿ ಹೋಗಿ ಕೂತಿದ್ದ.

‘ಬಹಳ ಚೆನ್ನಾಗಿದೆಯಮ್ಮ’ ಎಂದರು ಹಿಂದಿನಿಂದ ಸಮಿತಿಯ ಹಿರಿಯರು. ‘ಹುಡುಗ ತನ್ನ ತಪ್ಪನ್ನು ತಾನೇ ಒಪ್ಪಿಕೊಂಡ. ಈ ಪಾಠ ಇಲ್ಲಿ ಮುಂದುವರಿಯಲಿ, ನಮ್ಮದೇನೂ ಅಡ್ಡಿಯಿಲ್ಲ.’

ದಾಕ್ಷಾಯಣಮ್ಮ ಬಾಗಿಲ ಕಡೆ ನೋಡಿದಳು. ಚಿದಾನಂದಪ್ಪನವರು ಮುಂದಿನ ಹುಡುಗನಿಗೆ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದರು, ಅವರ ತುಟಿ ಆಡುತ್ತಿತ್ತು. ಆಗ ಎಲ್ಲ ಹೊಳೆಯಿತು. ಯಾರು ಗೆರೆ ಎಳೆಯಬೇಕು, ಯಾರು ಸರಿ ಹೇಳಬೇಕು, ಯಾರು ತಪ್ಪಬೇಕು ಎಂದು ಹುಡುಗರನ್ನು ಕೂಡಿಸಿ ತಾಲೀಮು ಮಾಡಿಸಿದ್ದಾರೆ. ಅವಳು ಡಬ್ಬಿ ಕುಲುಕಿ ಪೊಟ್ಟಣಗಳ ಸಾಲನ್ನು ಕಲೆಸಿಬಿಡುತ್ತಾಳೆಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಪಿತ್ತ ನೆತ್ತಿಗೇರಿತು. ಮುಷ್ಟಿ ಮುಚ್ಚಿಕೊಂಡು ಸುಮ್ಮನಿದ್ದರೆ ಸಾಕಿತ್ತು, ಅವಳ ಪಾಠ ಉಳಿಯುತ್ತಿತ್ತು. ಕಾಳು ಕಂಡವಳು ಅವಳೊಬ್ಬಳೇ. ಆದರೆ ಹೀಗೆ ಉಳಿದ ಪಾಠದಲ್ಲಿ ಮುಂದಿನ ವರ್ಷ ಹೇಳುವುದೇನು? ಇದೇ ತಾಲೀಮನ್ನೇ? ಸೀದಾ ಕೊನೆಯ ಬೆಂಚಿಗೆ ಹೋಗಿ ಕಾಳನ್ನು ಹಿರಿಯರ ಅಂಗೈಯಲ್ಲಿಟ್ಟಳು.

‘ನೋಡ್ರಿ ಸರ್. ಸಣ್ಣ ಕಾಳು. ಹುಡುಗ ಹೇಳಿದ್ದು ಸರಿ ಇತ್ತು. ಸರಿ ಉತ್ತರ ಹೇಳಿ ತಪ್ಪಾತು ಅಂತಾನ. ಯಾಕಂದ್ರ ಅವಗ ಹಂಗ ಹೇಳಿಕೊಟ್ಟಾರ.’

ಹಿರಿಯರು ಕಾಳನ್ನು ನೋಡಿದರು, ಜೊತೆಯವರನ್ನು ನೋಡಿದರು, ಚಹಾದ ಲೋಟವನ್ನು ಬೆಂಚಿನ ಮೇಲಿಟ್ಟು ಎದ್ದರು. ‘ಹುಡುಗರಿಗೇ ತಿಳಿಯದ ಪಾಠವನ್ನು ನಡೆಸಿ ಏನು ಮಾಡುತ್ತೀರಮ್ಮ? ಈ ವರ್ಷಕ್ಕೆ ಇಷ್ಟೇ ಸಾಕು’ ಎಂದು ಹೊರಟರು.

ಚಿದಾನಂದಪ್ಪನವರ ಮುಖ ಸಪ್ಪಗಾಗಿತ್ತು. ‘ನಿಮ್ಮ ಸಲುವಾಗೇ ಮಾಡಿದ್ನವ್ವಾ’ ಎಂದರು. ‘ಹುಡುಗ್ರು ಸುಮ್ನ ಕುಂತಿದ್ರ ನಿಮ್ಮ ಪಾಠ ಹೋಗತಿತ್ತು.’

‘ಸರಿ ಉತ್ತರ ಬಾಯಿಪಾಠ ಮಾಡಿಸಿದ್ರ ಹೊಟ್ಟಿಗೆ ಹಾಕ್ಕೋತಿದ್ದೆ ಸರ್. ನೀವು ತಪ್ಪನ್ನೂ ಬಾಯಿಪಾಠ ಮಾಡಿಸೀರಿ. ಈ ಹುಡುಗ್ರ ಹತ್ರ ಸ್ವಂತದ್ದು ಅಂತ ಉಳಿದಿದ್ದು ಅದೊಂದ ಇತ್ತು.’

ಅವರು ಸಮಿತಿಯವರ ಹಿಂದೆ ಹೋದರು. ದಾಕ್ಷಾಯಣಮ್ಮ ಬೋರ್ಡಿಗೆ ಬಂದು ಎರ್ರೆಪ್ಪನ ಗೆರೆಯನ್ನು ಅಂಗೈಯಿಂದಲೇ ಒರೆಸಿದಳು. ಗಂಟೆ ಹೊಡೆಯಿತು.

‘ಹೋಗ್ರಿ’ ಎಂದಳು. ‘ನಿಮ್ಮ ಮುಖ ನೋಡಾಕ ಮನಸಿಲ್ಲ ನನಗ.’

ಯಾರೂ ಏಳಲಿಲ್ಲ. ಆಮೇಲೆ ಎರ್ರೆಪ್ಪನೊಬ್ಬ ಎದ್ದ. ಹೊರಗೆ ಹೋಗುತ್ತಾನೆ ಎಂದುಕೊಂಡರೆ ಬೋರ್ಡಿನ ಹತ್ತಿರ ಬಂದು ಚಾಕ್‌ಪೀಸು ಎತ್ತಿಕೊಂಡ. ಬೋರ್ಡಿನ ಮೇಲಂಚಿನ ಹತ್ತಿರ ಈ ತುದಿಯಿಂದ ಆ ತುದಿಗೆ ಒಂದು ಸೊಟ್ಟ ಗೆರೆ ಎಳೆದ. ಇದ್ದ ಚುಕ್ಕೆಗಳೆಲ್ಲ ಅದರ ಕೆಳಗೇ ಬಿದ್ದವು, ದಪ್ಪ ಕಾಳಿನದೂ. ಅಂಬಮ್ಮ ಕಿಸಕ್ಕನೆ ನಕ್ಕುಬಿಟ್ಟಳು.

‘ಇದನ್ನ ಯಾರು ಹೇಳಿಕೊಟ್ರಲೇ?’ ಎಂದು ದಾಕ್ಷಾಯಣಮ್ಮ ಗದರಿದಳು.

‘ಯಾರೂ ಇಲ್ರಿ ಮೇಡಂ. ನಾನ ಎಳದೀನ್ರಿ.’

ಅವಳ ಸಿಟ್ಟು ಇಳಿದಿರಲಿಲ್ಲ. ಸಮಿತಿಯ ಮೇಲೆ, ಚಿದಾನಂದಪ್ಪನವರ ಮೇಲೆ, ಯಾವುದೋ ಸಾಲಿಯಲ್ಲಿ ರೂಲು ಹಿಡಿದು ನಿಂತಿದ್ದವನ ಮೇಲೆ ಹಾಗೇ ಉರಿಯುತ್ತಿತ್ತು. ಪಾಠ ಹೋಗಿತ್ತು, ಮುಂದಿನ ವರ್ಷ ಮತ್ತೆ ಅವೇ ಲೆಕ್ಕ. ಡಬ್ಬಿ ಎತ್ತಿಕೊಂಡು ಜೋರಾಗಿ ಕುಲುಕಿ ಒಂದು ಪೊಟ್ಟಣ ತೆಗೆದಳು.

‘ಉದ್ದ ಏಳು, ಅಗಲ ಮೂರು. ನಿನ್ನ ಗೆರಿ ಏನಂತೈತಿ?’

ಎರ್ರೆಪ್ಪ ಚುಕ್ಕೆ ಇಟ್ಟು ನೋಡಿದ. ‘ಸಣ್ಣದು ಅಂತೈತ್ರಿ.’

ಅವಳು ಪೊಟ್ಟಣ ಬಿಚ್ಚಿ ಅವನ ಕೈಗೆ ಕೊಟ್ಟಳು. ಅವನು ಆ ದಪ್ಪ ಕಾಳನ್ನು ಬೆರಳಲ್ಲಿ ಹೊರಳಿಸಿ ನೋಡಿದ, ಅವಳ ಮುಖದ ಕಡೆ ತಿರುಗಲಿಲ್ಲ. ತನ್ನ ಗೆರೆಯನ್ನು ತಾನೇ ಒರೆಸಿ ತುಸು ಕೆಳಗೆ ಇನ್ನೊಂದು ಎಳೆದ.