ನಾಲ್ಕು ಬೋಲ್ಟು

“ಲೇ ಕುಂಟ ನನ್ಮಗನೇ, ಭಾರ ಹಾಕ್ಬೇಡ ಅಂದ್ನೋ ಇಲ್ವೋ? ಹಿಡ್ಕೊಂಡ ಹಾಗೆ ಮಾಡು, ಅಷ್ಟೆ!” ಮೊಬೈಲು ಹಿಡಿದು ಚಿದಂಬರ ಕಿರುಚಿದ.

ಜನಕಪುರಿಯ ಈ ಮನೆಯನ್ನು ಅವನು ಪ್ರವಾಸಿಗರಿಗೆ ಬಾಡಿಗೆಗೆ ಬಿಡಲು ಹೊರಟಿದ್ದ. ಅಂಗವಿಕಲರಿಗೂ ಅನುಕೂಲವಿದೆ ಎಂದು ಮೊದಲ ಗಿರಾಕಿಗೆ ಹೇಳಿಯೂ ಆಗಿತ್ತು. ಇನ್ನು ಜಾಹೀರಾತಿಗೆ ಫೋಟೋ ಬೇಕು. ಅದಕ್ಕೇ ಕಮೋಡಿನ ಪಕ್ಕ ಉಕ್ಕಿನ ಹಿಡಿಕೆ. ಅದಕ್ಕೇ, ಮದುವೆಗೆ ಬಾಡಿಗೆ ಒಡವೆ ತಂದಂತೆ, ಕೆಂಪಣ್ಣ. ಇಂದಿರಾಪುರಂನಲ್ಲಿ ಕಟ್ಟಡ ಕೆಲಸದ ಸಾರುವೆ ಕುಸಿದು ಅವನ ಬಲಗಾಲು ಹೋಗಿ ಎರಡು ವರ್ಷ. ಈ ಬಚ್ಚಲಿಗೆ ಟೈಲು ಕೂರಿಸಿದವಳು ಅವನ ಹೆಂಡತಿ ವಿಜಯಮ್ಮ.

ಹಿಡಿಕೆ ನಿಂತಿರುವುದು ಬರೀ ಗೋಂದಿನ ಮೇಲೆ ಎಂದು ಅವಳಿಗೆ ಗೊತ್ತು. ಅದರ ಜೊತೆ ಬಂದ ನಾಲ್ಕು ಬೋಲ್ಟು ಅವಳ ಸೆರಗಿನ ಗಂಟಿನಲ್ಲೇ ಇದ್ದವು. ಇಟಲಿ ಟೈಲಿಗೆ ತೂತು ಹಾಕಿದರೆ ಚಿದಂಬರನ ಎದೆಗೇ ಹಾಕಿದಂತೆ.

“ಸಾಹೇಬ್ರ, ಒಂದಕ್ಕ ಹೋಗ್ಬೇಕಾಗೇತ್ರಿ,” ಎಂದ ಕೆಂಪಣ್ಣ, ಮುಂಜಾನೆಯಿಂದ ಮೂರನೇ ಸಲ.

“ಇಲ್ಲೇನೋ? ಥೂ! ಗೆಸ್ಟ್ ಕೂರೋ ಜಾಗ ಕಣೋ. ಫೋಟೋ ಆದ್ಮೇಲೆ ಗಲ್ಲಿ ಕೊನೆಗೆ ಹೋಗು. ಚಲೋ, ನಗು!”

ಕೆಂಪಣ್ಣ ನಕ್ಕ. ಒಂಟಿಕಾಲಿನ ಮೈಗೆ ಇದು ಬರೀ ಫೋಟೋಗೆ ಎಂದು ಗೊತ್ತಾದೀತೆ? ಕಾಲು ಸೋತದ್ದೇ, ಅಭ್ಯಾಸದಂತೆ ಭಾರವೆಲ್ಲ ಕೈಗೆ ಬಿತ್ತು. ಹಿಡಿಕೆ ಕಿತ್ತು ಬಂತು. ದಬಕ್ಕನೆ ಬಿದ್ದ ಅವನ ತುಟಿ ಒಡೆಯಿತು. ಚಿದಂಬರ ಅವನನ್ನು ದಾಟಿಕೊಂಡು ಹೋಗಿ ಟೈಲು ಸವರಿ ನೋಡಿದ.

“ಬಚ್ ಗಯಾ, ಟೈಲು ಉಳೀತು,” ಎಂದು ಉಸಿರು ಬಿಟ್ಟ. “ಏಯ್ ವಿಜಯಮ್ಮ, ಮತ್ತೆ ಗೋಂದು ಹಚ್ಚು. ನಮ್ಮ ಮೊದಲ ಗೆಸ್ಟು, ಆ ಕೊಡಗಿನ ಕರ್ನಲ್ ಬೋಪಣ್ಣ ಏರ್‌ಪೋರ್ಟ್ ಬಿಟ್ಟಾಯ್ತು.”

“ಅವ್ರಿಗೆ ಎರಡೂ ಕಾಲಿಲ್ಲಂತ ನೀವ ಅಂದ್ರಿ. ಇದನ್ನ ಹಿಡದು ಬಿದ್ದು ಸತ್ರ?”

“ಜೊತೆಗೆ ಮಗಳು ಬರ್ತಾಳೆ, ಎತ್ಕೋತಾಳೆ. ನಿಂಗ್ಯಾಕೆ ಅಧಿಕಪ್ರಸಂಗ? ನಾಳೆಯಿಂದ ಕೆಲ್ಸ ಬೇಕೋ ಬೇಡ್ವೋ?”

ಬೇಕಿತ್ತು. ಮನೆಯಲ್ಲಿ ದುಡಿಯುವ ಕೈ ಅವಳದೊಂದೇ. ಆದರೆ ಅವಳು ಗಂಡನ ತುಟಿಯ ರಕ್ತವನ್ನು ಸೆರಗಿನಿಂದ ಒರೆಸಿ, ಅದರ ಗಂಟು ಬಿಚ್ಚಿದಳು. ಮೂಲೆಯಲ್ಲಿದ್ದ ಡ್ರಿಲ್ ಎತ್ತಿ ಗೋಡೆಗಿಟ್ಟಳು.

“ಏ ಬೋಸುಡಿ! ಟೈಲು! ಟೈಲು!”

“ಹತ್ರ ಬಂದ್ರ ನಿಮಗೂ ತೂತು ಬೀಳ್ತೈತ್ರಿ.”

ಬಿಳಿ ಧೂಳು ಎದ್ದಿತು. ಮೂರನೇ ತೂತಿಗೆ ಒಂದು ಟೈಲು ಅಡ್ಡಕ್ಕೆ ಸೀಳಿತು. ಅವಳು ನಿಲ್ಲಿಸಲಿಲ್ಲ. ನಾಲ್ಕೂ ಬೋಲ್ಟು ಬಿಗಿದು, ಹಿಡಿಕೆಗೆ ಜೋತುಬಿದ್ದು ನೋಡಿದಳು. ಅಲುಗಲಿಲ್ಲ.

ಗಂಡನನ್ನು ಎಬ್ಬಿಸಿ ಅವನ ಕೈಯನ್ನು ಅದರ ಮೇಲಿಟ್ಟಳು. “ಈಗ ಒಂದಕ್ಕ ಹೋಗು. ಪೂರಾ ಭಾರ ಹಾಕು.”

ಹೊರಬಂದು ಬಾಗಿಲೆಳೆದು, ಅದಕ್ಕೆ ಬೆನ್ನು ಕೊಟ್ಟು ನಿಂತಳು. ಡ್ರಿಲ್ ಇನ್ನೂ ಕೈಯಲ್ಲೇ ಇತ್ತು. ಬೀದಿಯಲ್ಲಿ ಟ್ಯಾಕ್ಸಿಯ ಹಾರನ್ ಕೇಳಿತು.

“ಗೆಸ್ಟ್ ಬಂದ್ರು! ಅವನನ್ನ ಹೊರಗೆ ಹಾಕೇ!” ಡ್ರಿಲ್ಲಿನಿಂದ ದೂರವೇ ನಿಂತು ಚಿದಂಬರ ಕೂಗಿದ.

“ತಡೀರಿ,” ಎಂದಳು ವಿಜಯಮ್ಮ. “ಒಳಗ ಮನಷಾ ಅದಾನ.”